ದಿಂಬುವಿಗೆ ಹೇಳಿದ ಮಾತು

ಆ ಮನೆಯಲ್ಲಿ ಮಾವ ಮತ್ತು ಸೊಸೆ ಮುಖ ನೋಡಿಕೊಂಡು ಮಾತಾಡಿದ್ದನ್ನು ಕಂಡವರಿರಲಿಲ್ಲ. ಹಾಗೆಂದು ಇಬ್ಬರ ನಡುವೆ ಮನಸ್ತಾಪವಿತ್ತು ಎಂದುಕೊಂಡರೆ ತಪ್ಪಾದೀತು. ಮಾವನಿಗೆ ಸೊಸೆಯ ಹೊಲಿಗೆಯ ಮೇಲೆ ತನ್ನ ಕೈಗಿಂತ ಹೆಚ್ಚು ನಂಬಿಕೆ. ಸೊಸೆಗೆ ಮಾವನ ಮೇಲೆ ಹೆತ್ತ ತಂದೆಯ ಮೇಲಿರುವಷ್ಟೇ ಅಕ್ಕರೆ. ತೊಂದರೆ ಇದ್ದದ್ದು ನಾಲಿಗೆಯಲ್ಲಿ. ಇಬ್ಬರಿಗೂ ಮಾತು ಗಂಟಲವರೆಗೆ ಬಂದು, ಅಲ್ಲಿ ಯಾರೋ ದೊಡ್ಡವರು ಕೂತಿದ್ದಾರೇನೋ ಎಂಬಂತೆ ಮೆಲ್ಲಗೆ ಹಿಂದಕ್ಕೆ ಹೋಗಿಬಿಡುತ್ತಿತ್ತು.

ಮನೆಯ ಮುಂಭಾಗದಲ್ಲೇ ಮಾವನ ಅಂಗಡಿ. ಹಳೆಯ ಸೋಫಾ, ಕುರ್ಚಿಗಳ ಹೊಟ್ಟೆ ಬಗೆದು, ಜೋತುಬಿದ್ದ ಸ್ಪ್ರಿಂಗು ಕಟ್ಟಿ, ಹೊಸ ನಾರು ತುಂಬಿ, ಹೊಸ ಬಟ್ಟೆ ಹೊದಿಸಿ ಕೊಡುವ ಕೆಲಸ. ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಅವಳು ಚಹಾದ ಲೋಟ ಹಿಡಿದು ಆ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಮಾವ ಒಂದು ಕುರ್ಚಿಯನ್ನು ತಲೆಕೆಳಗು ಮಾಡಿಕೊಂಡು, ಬಾಯಿತುಂಬ ಸಣ್ಣ ಮೊಳೆ ಇಟ್ಟುಕೊಂಡು ಕೂತಿದ್ದರು. ಒಂದೊಂದೇ ಮೊಳೆ ತುಟಿಗೆ ತಂದುಕೊಂಡು ಬಡಿಯುವುದು ಆ ಕಸುಬಿನವರ ಅಭ್ಯಾಸ. ಮಾತಾಡದಿರುವುದಕ್ಕೂ ಅದು ಒಳ್ಳೆಯ ನೆಪ. ಅವಳಿಗೆ ‘ಮಾವ’ ಎಂಬ ಎರಡಕ್ಷರ ಬಾಯಿಂದ ಹೊರಡಲಿಲ್ಲ. ಚಹಾ ಆರುತ್ತಿತ್ತು. ಇಬ್ಬರ ನಡುವೆ, ಸೋಫಾದಿಂದ ಕಿತ್ತು ಹಾಕಿದ ನಾರಿನ ರಾಶಿಯ ಮೇಲೆ, ದುಂಡಗಿನ ನಾಯಿಮರಿಯೊಂದು ಮಲಗಿತ್ತು.

“ಚಹಾ ತಂದಿದೀನಿ ಅಂತ ಹೇಳು,” ಎಂದಳು ಅವಳು, ನಾಯಿಮರಿಗೆ.

ಮಾವ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು, ಬಹಳ ಗಂಭೀರವಾಗಿ ನಾಯಿಮರಿಯ ಕಡೆ ತಿರುಗಿದರು. “ಅಲ್ಲೇ ಇಡೋಕೆ ಹೇಳು. ಸಕ್ಕರೆ ಕಮ್ಮಿ ಹಾಕಿದ್ರೆ ಒಳ್ಳೇದಿತ್ತು ಅಂತಾನೂ ಹೇಳು.”

ಅಂದು ಶುರುವಾದದ್ದು ನಿಲ್ಲಲೇ ಇಲ್ಲ. ಮರಿ ಬೆಳೆದು ದಿಂಬು ಎಂಬ ಹೆಸರು ಪಡೆಯಿತು. ಆಮೇಲೆ ಆ ಮನೆಯಲ್ಲಿ ಅವನನ್ನು ‘ಅದು’ ಎಂದವರಿಲ್ಲ, ಆದ್ದರಿಂದ ನಾವೂ ಹಾಗೆನ್ನುವುದು ಬೇಡ. ಅವಳು ಹೊಲಿಗೆ ಯಂತ್ರದ ಮುಂದೆ, ಮಾವ ಎದುರಿನ ಗೋಡೆಯ ಪಕ್ಕ, ನಡುವೆ ದಿಂಬು. “ಕೈ ಇಡೋ ಕಡೆ ಹನ್ನೊಂದು ಇಂಚು ಅಂತ ಹೇಳು ದಿಂಬು.” “ಹನ್ನೊಂದಾ ಹನ್ನೊಂದೂವರೇನಾ ಅಂತ ಕೇಳು.” ಅಳತೆಗಳೆಲ್ಲ ಹಾಗೇ ಅತ್ತಿತ್ತ ಓಡಾಡುತ್ತಿದ್ದವು. ಕುಟುಕು ಮಾತೂ ಆ ದಾರಿಯಲ್ಲೇ ಬರಬೇಕು. ಅಂಚಿನ ಹೊಲಿಗೆ ಸೊಟ್ಟಗಿದೆ ಎಂದು ದಿಂಬುವಿಗೆ ಯಾರಾದರೂ ಹೇಳಿದ್ದಾರಾ ಎಂದು ಮಾವ ಕೇಳಿದರೆ, ಕತ್ತರಿಸಿ ಕೊಟ್ಟವರ ಕತ್ತರಿಯೇ ಸೊಟ್ಟ ಎಂದು ದಿಂಬುವಿಗೆ ಮೊದಲೇ ಗೊತ್ತು ಎಂದು ಅವಳು ಉತ್ತರಿಸುವಳು. ದಿಂಬು ಮಾತಾಡಿದವರ ಕಡೆ ಕತ್ತು ತಿರುಗಿಸಿ ತಿರುಗಿಸಿ ಸುಸ್ತಾಗಿ ನಿದ್ದೆ ಹೋಗುತ್ತಿದ್ದ.

ಅವಳ ಗಂಡ ದೂರದ ಊರುಗಳಿಗೆ ಹೋಗುವ ಬಸ್ಸಿನ ಚಾಲಕ. ವಾರದ ಅರ್ಧದಷ್ಟು ದಿನ ಮನೆಯಲ್ಲಿರುವುದಿಲ್ಲ. “ನಮ್ಮನೇಲಿ ಮಾತಾಡೋರು ಇಬ್ಬರೇ,” ಎಂದು ಅವನು ಗೆಳೆಯರ ಮುಂದೆ ಹೇಳಿಕೊಳ್ಳುತ್ತಿದ್ದ. “ಒಂದು ನಾನು, ಇನ್ನೊಂದು ದಿಂಬು. ನಾನು ಡ್ಯೂಟಿಗೆ ಹೋದ್ರೆ ಪಾಪ, ಎಲ್ಲಾ ಭಾರ ಅವನೊಬ್ಬನ ಮೇಲೆ.”

ನಗೆಯಾಡಿದರೂ ಅವನಿಗೂ ಒಂದು ಸಂಗತಿ ಗೊತ್ತಿತ್ತು. ಅವಳ ತಾಯಿ ತೀರಿಕೊಂಡ ಸುದ್ದಿ ಬಂದು ಅವಳು ಕೋಣೆ ಸೇರಿಕೊಂಡಿದ್ದಾಗ, ಮಾವ ಬಾಗಿಲ ಹೊರಗೆ ಕುಕ್ಕರುಗಾಲಲ್ಲಿ ಕೂತು ದಿಂಬುವನ್ನು ಒಳಗೆ ನೂಕಿದ್ದರು. “ಹೋಗೋ. ಹೋಗಿ ಅವಳ ಹತ್ರ ಕೂತ್ಕೋ. ನಾನಿಲ್ಲೇ ಇದೀನಿ ಅಂತ ಹೇಳು.” ದಿಂಬು ಹೋಗಿ ಅವಳ ಮೊಣಕಾಲಿನ ಮೇಲೆ ಗದ್ದ ಊರಿದ್ದ. ಬಾಗಿಲ ಹೊರಗಿನಿಂದ ಮಾವನ ಉಸಿರು ಅವಳಿಗೆ ಕೇಳಿಸುತ್ತಲೇ ಇತ್ತು.

ದಿಂಬುವಿನ ಕಾಯಿಲೆ ಮೊದಲು ಕಂಡದ್ದು ಅವನ ನೀರಿನ ಬಟ್ಟಲಲ್ಲಿ. ತುಂಬಿಸಿಟ್ಟರೆ ಖಾಲಿ, ಮತ್ತೆ ತುಂಬಿಸಿದರೆ ಮತ್ತೆ ಖಾಲಿ. ಸೆಖೆ ಎಂದು ಅವಳು ಅಂದುಕೊಂಡಳು, ವಯಸ್ಸು ಎಂದು ಮಾವ. ಆಮೇಲೆ ಊಟ ಬಿಟ್ಟ. ಬೇಯಿಸಿದ ಮೊಟ್ಟೆಯನ್ನು ಮೂಸಿ, ಮರ್ಯಾದೆಗೆಂಬಂತೆ ಒಮ್ಮೆ ನೆಕ್ಕಿ, ಮುಖ ತಿರುಗಿಸುತ್ತಿದ್ದ. ಬಾಯಿಂದ ಏನೋ ಹುಳಿ ವಾಸನೆ. ಬೆನ್ನು ಸವರಿದರೆ ಎಣಿಸಬಹುದಾದಷ್ಟು ಮೂಳೆ ಕೈಗೆ ಸಿಗುತ್ತಿತ್ತು. ಪ್ರಾಣಿಗಳ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಎರಡೂ ಕಿಡ್ನಿ ಕೈಕೊಡುತ್ತಿವೆ, ಸಲೈನ್ ಕೊಟ್ಟರೆ ಸ್ವಲ್ಪ ಕಾಲ ನೆಮ್ಮದಿಯಾಗಿರುತ್ತಾನೆ, ಗುಣವಾಗುತ್ತಾನೆಂದು ಮಾತ್ರ ಹೇಳಲಾರೆ ಎಂದರು.

ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಅವನ ಹಾಸಿಗೆಯಾಯಿತು. ಸೋಫಾದ ತಳಕ್ಕೆ ಬಿಗಿಯುವ ಪಟ್ಟಿಯ ಸುರುಳಿ ನೇತುಹಾಕುತ್ತಿದ್ದ ಕೊಕ್ಕೆಗೆ ಸಲೈನ್ ಚೀಲ. ಮಾವ ಅದರ ಹನಿ ನೋಡುತ್ತ ನಿಲ್ಲುವರು, ಅವಳು ಸೂಜಿ ಚುಚ್ಚಿದ ಕಾಲು ಅಲುಗದಂತೆ ಹಿಡಿದು ಕೂರುವಳು. ಮನೆಯಲ್ಲಿ ಮಾತು ಕಡಿಮೆಯಾದದ್ದು ಆಗಲೇ. ದಿಂಬುವಿನ ಮೂಲಕ ಲೋಕದ ಎಲ್ಲ ಸಂಗತಿ ಆಡಬಹುದಿತ್ತು, ದಿಂಬು ಉಳಿಯುವುದಿಲ್ಲ ಎಂಬ ಒಂದನ್ನು ಬಿಟ್ಟು. ಅದನ್ನು ಅವನಿಗೇ ಹೇಳಿ, ಅವರಿಗೆ ತಿಳಿಸು ಎನ್ನುವುದು ಹೇಗೆ?

ಸಲೈನಿಗೂ ಬಗ್ಗದ ದಿನ ಬಂತು. ಅವನು ಎದ್ದು ನಿಲ್ಲಲು ನೋಡಿ, ಹಿಂಗಾಲು ಮಡಚಿ ಬಿದ್ದು, ತನ್ನದೇ ತಪ್ಪೆಂಬಂತೆ ಬಾಲ ಅಲ್ಲಾಡಿಸಿದ. ಡಾಕ್ಟರಮ್ಮ ಅವನನ್ನು ನೋಡಿ, ಇನ್ನು ಎಳೆದರೆ ನೋವು ಅವನಿಗೆ, ಸಮಾಧಾನ ನಮಗೆ ಎಂದರು. ಒಂದು ಇಂಜೆಕ್ಷನ್ ಕೊಟ್ಟು ನಿದ್ದೆ ಮಾಡಿಸಬಹುದು, ಮನೆಯವರು ಮಾತಾಡಿಕೊಂಡು ತಿಳಿಸಿ ಎಂದು ಹೇಳಿ ಹೋದರು. ಅವರಿಗೇನು ಗೊತ್ತು, ಆ ಮನೆಯವರು ಹೇಗೆ ಮಾತಾಡಿಕೊಳ್ಳುತ್ತಾರೆಂದು. ಗಂಡ ಫೋನಿನಲ್ಲಿ, ದೂರದ ಯಾವುದೋ ನಿಲ್ದಾಣದ ಗದ್ದಲದ ನಡುವೆ, “ಅಪ್ಪ ಏನಂತಾರೋ ಹಾಗೆ ಮಾಡಿ,” ಎಂದ.

ಮರುದಿನ ಬೆಳಿಗ್ಗೆ ಮಾವ ಮೇಜಿನ ಮುಂದೆ ಬಗ್ಗಿ ನಿಂತಿದ್ದರು. ಅವಳು ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು.

“ಸಾಕಾಯ್ತೇನೋ?” ಎಂದರು ಮಾವ, ಅವನ ಹಣೆಗೆ ಹಣೆ ತಾಗಿಸಿ. ಆಮೇಲೆ, “ಸಾಕಾಗಿದ್ರೆ ಅವಳಿಗೆ ಹೇಳಪ್ಪ. ಅವಳು ಡಾಕ್ಟರಮ್ಮಂಗೆ ಹೇಳ್ತಾಳೆ.”

ಅವಳೇ ಫೋನ್ ಮಾಡಿದಳು.

ಡಾಕ್ಟರಮ್ಮ ಬಂದಾಗ ಮಾವ ಬಾಯಿಗೆ ಮೊಳೆ ತುಂಬಿಕೊಂಡು ಯಾವುದೋ ಕುರ್ಚಿ ಎಳೆದುಕೊಂಡು ಕೂತಿದ್ದರು. ಸಿರಿಂಜ್ ಹೊರಬಂದದ್ದೇ ತಡ, ಮೊಳೆ ಅಂಗೈಗೆ ಉಗುಳಿ, ಸುತ್ತಿಗೆ ಕೆಳಗಿಟ್ಟು, ಎದ್ದು, ಬೀದಿಗೆ ಇಳಿದುಬಿಟ್ಟರು. ಅವಳು ಕೂಗಲಿಲ್ಲ. ಕೂಗಬೇಕೆಂದರೂ ಯಾವ ಹೆಸರಿಟ್ಟು ಕೂಗುವುದೆಂದು ಅವಳ ಬಾಯಿಗೆ ಗೊತ್ತಿರಲಿಲ್ಲ. ದಿಂಬುವಿನ ತಲೆಯನ್ನು ತೋಳಿನ ಮೇಲಿಟ್ಟುಕೊಂಡಳು. ಅವನು ಕತ್ತೆತ್ತಿ, ಮಾವ ಹೋದ ಬಾಗಿಲ ಕಡೆ ನೋಡಿದ. ತಲೆ ಇಳಿಸಿದ. ಮತ್ತೆ ಕಷ್ಟಪಟ್ಟು ಎತ್ತಿ ನೋಡಿದ. ಹೊರಗೆ ಪಕ್ಕದ ಬೀಗದಂಗಡಿಯ ಹತ್ತಿರ ಯಾರೋ ಮಾತಾಡುತ್ತಿದ್ದರು. ಆಮೇಲೆ ಅವನ ಗದ್ದ ಅವಳ ತೋಳಿನ ಮೇಲೆ ಭಾರವಾಯಿತು. ಡಾಕ್ಟರಮ್ಮ ಅವನ ಎದೆಗೆ ಸ್ಟೆತಸ್ಕೋಪ್ ಹಿಡಿದು, ತಲೆಯಾಡಿಸಿದರು.

ಮಾವ ಬಂದು ಅವನನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಗುಂಡಿ ತೋಡುವಾಗ ಅವಳನ್ನು ಹತ್ತಿರ ಬರಗೊಡಲಿಲ್ಲ. ಬರಬೇಡವೆಂದು ಹೇಳಲೂ ಇಲ್ಲ. ಬೆನ್ನು ತಿರುಗಿಸಿ ನಿಂತಿದ್ದರು, ಅಷ್ಟೇ.

ಅದಾದ ಮೇಲೆ ಆ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು, ಸುತ್ತಿಗೆಯ ಸದ್ದು, ಪಾತ್ರೆಯ ಸದ್ದು. ಊಟಕ್ಕೆ ಕರೆಯುವ ಬದಲು ಅವಳು ತಟ್ಟೆಯನ್ನು ಸ್ವಲ್ಪ ಜೋರಾಗಿ ಇಡುವುದನ್ನು ಕಲಿತಳು. ಮಾವ ಬರುವರು, ಅರ್ಧ ತಿಂದು ತಟ್ಟೆ ತೊಳೆದಿಟ್ಟು ಹೋಗುವರು. ಒಂದು ಮಧ್ಯಾಹ್ನ ಅಭ್ಯಾಸಬಲದಿಂದ ಅವಳು, “ಊಟ ಆಗಿದೆ ಅಂತ ಹೇ...” ಎಂದುಬಿಟ್ಟಳು. ಮಾವನ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಆ ದಿನ ಅವರು ಊಟಕ್ಕೆ ಬರಲೇ ಇಲ್ಲ.

ಅವಳಿಗೂ ಒಳಗೆ ಒಂದು ಮುಳ್ಳು ಆಡುತ್ತಿತ್ತು. ದಿಂಬು ಬಾಗಿಲ ಕಡೆ ನೋಡಿದ್ದು ಅವಳೊಬ್ಬಳಿಗೇ ಗೊತ್ತು. ಹೇಳಿದರೆ ಮಾವನ ಎದೆ ಒಡೆದೀತು. ಹೇಳದಿದ್ದರೆ ಕೊನೆಯ ಆ ಗಳಿಗೆ ಅವಳೊಬ್ಬಳ ಹತ್ತಿರವೇ ಉಳಿದು, ಕದ್ದಿಟ್ಟುಕೊಂಡ ಹಾಗೆ ಆದೀತು. ಅಳು ಬರಬಾರದೇ ಎಂದು ಅವಳು ಕಾದಳು. ಅದೂ ಗಂಟಲವರೆಗೆ ಬಂದು ಹಿಂದಕ್ಕೆ ಹೋಯಿತು.

ಗಂಡ ಬಂದವನು ಎರಡು ದಿನ ಅಡುಗೆಮನೆಗೂ ಅಂಗಡಿಗೂ ಓಡಾಡಿದ. ಅಪ್ಪನ ಮಾತು ಅವಳಿಗೆ, ಅವಳ ಮಾತು ಅಪ್ಪನಿಗೆ. ಕೊನೆಗೆ ಬಾಗಿಲಲ್ಲಿ ನಿಂತು, “ನೋಡಿ, ನಾನು ಬಸ್ಸು ಓಡಿಸೋನು. ಈ ರೂಟ್ ನನ್ನ ಕೈಲಾಗಲ್ಲ,” ಎಂದ. ಮುಂದಿನ ಸಲ ಬರುವಾಗ ಚೀಲದಲ್ಲಿ ಒಂದು ಕರಿ ನಾಯಿಮರಿಯನ್ನು ಹಾಕಿಕೊಂಡು ಬಂದ. ಅದು ಅಂಗಡಿಯೆಲ್ಲ ಮೂಸಿ, ನಡುವಿನ ಆ ಜಾಗಕ್ಕೇ ಹೋಗಿ ಕೂತಿತು. ಮಾವ ಕತ್ತರಿ ಇಟ್ಟು ಎದ್ದರು. ಅವಳೂ ಅದೇ ಗಳಿಗೆಗೆ ಎದ್ದಳು. “ಬೇಡ,” ಎಂದರು ಇಬ್ಬರೂ, ಅವನಿಗೆ. ಮರಿ ಅವನ ಬಸ್ಸಿನ ಕಂಡಕ್ಟರನ ಮನೆ ಸೇರಿತು. ಅಲ್ಲಿ ಮೂರು ಮಕ್ಕಳಿದ್ದರು, ಮರಿಗೆ ಒಳ್ಳೆಯದೇ ಆಯಿತು.

ಮಿಕ್ಕಿದ್ದ ಸಲೈನ್ ಚೀಲಗಳನ್ನು ಬೇರೆ ಯಾವುದಾದರೂ ಪ್ರಾಣಿಗೆ ಆಗಲಿ ಎಂದು ಅವಳು ಡಾಕ್ಟರಮ್ಮನ ಹತ್ತಿರ ಒಯ್ದಳು. ಅಲ್ಲಿ ಬೆಕ್ಕಿನ ಬುಟ್ಟಿಗಳ ನಡುವೆ ಸಾಲಿನಲ್ಲಿ ಕಾದು ಒಳಗೆ ಹೋದಾಗ, ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ, ನಿಮ್ಮ ಮಾವ ಬಂದಿದ್ದರಲ್ಲ ಎಂದರು. ಅವಳಿಗೆ ಗೊತ್ತಿರಲಿಲ್ಲ. ಹೋದ ವಾರ ಬಂದು, ಇದೇ ಬೆಂಚಿನ ಮೇಲೆ, ಕೈಯಲ್ಲಿ ಯಾವ ಪ್ರಾಣಿಯೂ ಇಲ್ಲದೆ ಕೂತಿದ್ದರಂತೆ. ಎಲ್ಲರೂ ಹೋದ ಮೇಲೆ ಒಳಗೆ ಬಂದು, ಅವನು ನನ್ನನ್ನು ಹುಡುಕಿದನಾ ಎಂದು ಕೇಳಿದರಂತೆ.

“ನಾನು ಸೂಜಿ ನೋಡ್ತಿದ್ದೆ, ಎದೆಬಡಿತ ಕೇಳ್ತಿದ್ದೆ. ಅವನ ಮುಖ ನೋಡ್ತಿದ್ದೋಳು ನಿಮ್ಮ ಸೊಸೆ, ಅವಳನ್ನೇ ಕೇಳಿ ಅಂದೆ,” ಎಂದರು ಡಾಕ್ಟರಮ್ಮ. “ಕೇಳಿದ್ರಾ?”

ಇಲ್ಲವೆಂದು ಅವಳು ತಲೆಯಾಡಿಸಿದಳು. ದಾರಿಯುದ್ದಕ್ಕೂ ಅದೇ ಅವಳ ತಲೆಯಲ್ಲಿತ್ತು. ಯಾರೊಂದಿಗೂ ಎರಡು ಮಾತು ಆಡಲಾರದ ಮನುಷ್ಯ, ಅಷ್ಟು ಹೊತ್ತು ಬೆಂಚಿನ ಮೇಲೆ ಕಾದು, ಹೊರಗಿನವರನ್ನು ಕೇಳಿದ್ದರು. ಮನೆಯಲ್ಲಿ ಒಂದೇ ಕೋಣೆಯಲ್ಲಿ ದಿನವಿಡೀ ಎದುರಿಗೆ ಕೂತಿರುವ ಅವಳನ್ನು ಕೇಳಲಾಗಿರಲಿಲ್ಲ.

ಹೇಳಬೇಕು ಎಂದು ಅವಳು ಅಂದೇ ನಿರ್ಧರಿಸಿದಳು. ನಿರ್ಧರಿಸಿದ್ದು ಸುಲಭ. ಬೆಳಿಗ್ಗೆ ಚಹಾ ಇಡುವಾಗ ಹೇಳಬೇಕೆಂದುಕೊಂಡಳು, ಚಹಾ ಇಟ್ಟು ಬಂದಳು. ಮಾವ ದಾರದ ಉಂಡೆ ಕೇಳುವಂತೆ ಕೈ ಚಾಚಿದಾಗ ಹೇಳಬೇಕೆಂದುಕೊಂಡಳು, ಉಂಡೆ ಕೊಟ್ಟಳು. ಹೀಗೇ ಕೆಲವು ದಿನ ಕಳೆದವು.

ಆ ಹೊತ್ತಿಗೆ ಫೋಟೋ ಸ್ಟುಡಿಯೋದವರ ಸೋಫಾ ಬಂದಿತ್ತು. ಮದುಮಕ್ಕಳನ್ನು ಕೂರಿಸಿ ಚಿತ್ರ ತೆಗೆಯುವ ದೊಡ್ಡ ಸೋಫಾ. ಕಡುಗೆಂಪು ಮಖಮಲ್ಲಿನ ಬಟ್ಟೆಯನ್ನು ಅವರೇ ತಂದುಕೊಟ್ಟಿದ್ದರು. ಮಾವ ಸ್ಪ್ರಿಂಗುಗಳನ್ನು ಎತ್ತರಿಸಿ ಕಟ್ಟಿ, ಮೊದಲಿಗಿಂತ ದಪ್ಪಗೆ ನಾರು ತುಂಬಿದ್ದರು. ಕೂರುವ ಭಾಗ ಉಬ್ಬಿ ನಿಂತಿತ್ತು. ಹಾಗೆ ದಪ್ಪ ಮಾಡಿದ್ದನ್ನು ಅವರು ಹೇಳಲಿಲ್ಲ. ಹೇಳಬೇಕಾದ ಜಾಗ ಖಾಲಿಯಿತ್ತು. ಅವಳು ಕೇಳಲಿಲ್ಲ, ಕಾರಣ ಅದೇ. ಕಿತ್ತು ತೆಗೆದ ಹಳೆಯ ಬಟ್ಟೆಯನ್ನು ಹಾಸಿ, ಅದರ ಅಳತೆಗೇ ಮಖಮಲ್ಲು ಕತ್ತರಿಸಿ ಹೊಲಿದಿಟ್ಟಳು.

ಸೋಫಾ ಒಯ್ಯಲು ನಾಳೆ ಬರುತ್ತಾರೆ ಎನ್ನುವ ಬೆಳಿಗ್ಗೆ ಮಾವ ಹೊದಿಕೆ ಎಳೆದರು. ಮೂರು ಮೂಲೆ ಕೂತವು, ನಾಲ್ಕನೆಯದು ಒಂದು ಗೇಣು ದೂರದಲ್ಲಿ ನಿಂತಿತು. ಮಾವ ಮೊಣಕಾಲೂರಿ ಎಳೆದರು. ಅವಳು ಎದುರು ಬದಿಯಿಂದ ಅಂಗೈಯಲ್ಲಿ ನಾರನ್ನು ಒತ್ತಿ ಹಿಡಿದಳು. ಇಕ್ಕುಳ ಹಾಕಿ ಇನ್ನೊಮ್ಮೆ ಎಳೆದಾಗ, ಪರ್ ಎಂದು ಹೊಲಿಗೆಯ ಪಕ್ಕದಲ್ಲೇ ಮಖಮಲ್ಲು ಸೀಳಿತು.

ಇಬ್ಬರೂ ಅಭ್ಯಾಸದಂತೆ ನಡುವಿನ ನೆಲ ನೋಡಿದರು. ಅಲ್ಲಿ ಸಿಮೆಂಟು ಬಿಟ್ಟು ಏನೂ ಇರಲಿಲ್ಲ.

“ಮಾವ,” ಎಂದಳು ಅವಳು.

ದನಿ ಅವಳದೇ ಎಂದು ಅವಳಿಗೇ ಅನಿಸಲಿಲ್ಲ. ಮಾವ ತಲೆಯೆತ್ತಿದರು. ಬಾಯಲ್ಲಿ ಮೊಳೆಗಳಿದ್ದವು.

“ಅಳತೆ ನಾನು ಕೇಳ್ಬೇಕಿತ್ತು.”

ಅವರು ಒಂದೊಂದಾಗಿ ಮೊಳೆ ತೆಗೆದು ಸೋಫಾದ ಅಂಚಿನ ಮೇಲೆ ಸಾಲಾಗಿ ಇಟ್ಟರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. “ನಾನು ಹೇಳ್ಬೇಕಿತ್ತಮ್ಮಾ,” ಎಂದರು ಕೊನೆಗೆ. ಆಮೇಲೆ, ಬಟ್ಟೆಯ ಸೀಳನ್ನೇ ನೋಡುತ್ತ, “ಇನ್ನೊಂದು ವಿಷಯಾನೂ ನಾನು ಕೇಳ್ಬೇಕಿತ್ತು,” ಎಂದು ನಿಲ್ಲಿಸಿದರು.

ಮುಂದಿನದು ಬರುವುದಿಲ್ಲವೆಂದು ಅವಳಿಗೆ ಗೊತ್ತಾಯಿತು. ಅದೇ ಗಂಟಲು, ಅದೇ ಹಿಂದಕ್ಕೆ ಹೋಗುವ ಮಾತು.

“ಹುಡುಕಿದ, ಮಾವ,” ಎಂದಳು. “ಬಾಗಿಲ ಕಡೆ ನೋಡಿದ. ಒಂದ್ಸಲ ಅಲ್ಲ, ಎರಡು ಸಲ.”

ಮಾವ ಸೋಫಾದ ಕಾಲನ್ನು ಹಿಡಿದುಕೊಂಡರು. ಅವರ ಕತ್ತು ಬಾಗಿತು. ಇಲ್ಲಿಗೆ ನಿಲ್ಲಿಸಿದರೆ ಕೆಡುತ್ತದೆ ಎಂದು ಅವಳು ಅವಸರವಾಗಿ ಮುಂದೆ ಹೋದಳು. ಹೇಳುತ್ತ ಹೋದಂತೆ ಅವಳಿಗೇ ಆ ಗಳಿಗೆ ಕಣ್ಣಿಗೆ ಕಟ್ಟಿತು. ಆವತ್ತು ನೋಡಿಯೂ ಅವಳು ಪೂರ್ತಿ ಕಂಡಿರಲಿಲ್ಲ.

“ಎರಡನೇ ಸಲ ನೋಡ್ತಿದ್ದಾಗ ಹೊರಗೆ ನೀವು ಮಾತಾಡಿದ್ರಿ. ಬೀಗದಂಗಡಿಯವರ ಹತ್ರ. ಏನಂದ್ರೋ ನಂಗೆ ಗೊತ್ತಿಲ್ಲ. ಅವನ ಕಿವಿ ನೆಟ್ಟಗಾಯ್ತು. ನೀವು ಮಾತಾಡ್ತಾನೇ ಇದ್ರಿ. ಇಲ್ಲೇ ಇದಾರೆ ಅಂತ ಗೊತ್ತಾಯ್ತು ಅವನಿಗೆ. ಆಮೇಲೆ ನೋಡ್ಲಿಲ್ಲ ಮಾವ. ತೋಳ ಮೇಲೆ ಗದ್ದ ಇಟ್ಟ. ನೀವು ಬಂದು ಸಂಜೆ ಇಲ್ಲಿ ಕೂತ ಮೇಲೆ ಮಲಗ್ತಿದ್ನಲ್ಲ, ಹಾಗೆ.”

ಬೀದಿಯಲ್ಲಿ ಯಾವುದೋ ಗಾಡಿ ಹೋಯಿತು. ಮಾವನ ಭುಜಗಳು ಅಲುಗುತ್ತಿದ್ದವು.

“ನಾನೇನಂತಿದ್ದೆ ಗೊತ್ತಾ ಆಗ,” ಎಂದರು. ದನಿ ಒಡೆದಿತ್ತು. “ಬೀಗದಂಗಡಿಯವನು, ನೀರಲ್ಲಿ ಬಿದ್ದು ತುಕ್ಕು ಹಿಡಿದ ಬೀಗ ಒಂದನ್ನ ಬಿಚ್ಚೋಕೆ ಒದ್ದಾಡ್ತಿದ್ದ. ನಾನು ಎಣ್ಣೆ ಬಿಡು ಅಂತಿದ್ದೆ. ಎಣ್ಣೆ ಬಿಟ್ಟಿದೀನಿ ಅಂದ. ಇನ್ನೂ ಬಿಡು ಅಂದೆ. ಅಲ್ಲಮ್ಮಾ, ಒಳಗೆ ಜೀವ ಹೋಗ್ತಿದೆ, ಹೊರಗೆ ನಾನು ಬೀಗಕ್ಕೆ ಎಣ್ಣೆ ಹಾಕಿಸ್ತಿದೀನಿ.”

“ಎಣ್ಣೆ ವಿಷಯ ಅವನಿಗೆ ಎಲ್ಲಿ ಗೊತ್ತಾಗುತ್ತೆ,” ಎಂದಳು ಅವಳು. “ದನಿ ಕೇಳಿಸ್ತು, ಅಷ್ಟೇ ಸಾಕಾಯ್ತು.”

ಮಾವ ಮುಖ ಮುಚ್ಚಿಕೊಂಡರು. ಅಳುವೋ ನಗುವೋ ಹೇಳುವ ಹಾಗಿರಲಿಲ್ಲ, ಎರಡೂ ಸೇರಿದಂತಿತ್ತು. ಅವಳು ಎದ್ದು ನೀರು ತಂದಳು. ಲೋಟವನ್ನು ನೆಲದ ಮೇಲಿಡದೆ ಅವರ ಕೈಗೇ ಕೊಟ್ಟಳು.

ಸ್ಟುಡಿಯೋದವರಿಗೆ ಫೋನ್ ಮಾಡಿ, ಬಟ್ಟೆ ಹರಿದಿದೆ, ಅದೇ ಬಣ್ಣದ್ದು ನಾವೇ ತಂದು ಹಾಕುತ್ತೇವೆ, ಎರಡು ದಿನ ತಡವಾಗುತ್ತದೆ ಎಂದು ಮಾವನೇ ಹೇಳಿದರು. ಅವರು ಆ ಕಡೆಯಿಂದ ಏನೋ ಗೊಣಗಿದ್ದು ಇಲ್ಲಿಯವರೆಗೆ ಕೇಳಿಸಿತು. ಮಾವ ಫೋನಿಟ್ಟು, ಮದುಮಕ್ಕಳನ್ನು ನಿಲ್ಲಿಸಿಯೇ ಚಿತ್ರ ತೆಗೆಯಲಿ ಬಿಡು ಎಂದು ಅವಳಿಗೆ ಹೇಳಿದರು. ಆಮೇಲೆ ಇಬ್ಬರೂ ಬಟ್ಟೆಯಿಲ್ಲದ ಆ ಸೋಫಾದ ಎರಡು ತುದಿಗೆ ಕೂತರು. ಚಹಾ ಬಂತು.

ಮಾವ ಮಾತಾಡತೊಡಗಿದರು. ಇಷ್ಟು ವರ್ಷವಾದರೂ ಅವರು ಒಂದೇ ಸಮನೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಕೇಳಿದರೆ ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಗುವ ಮಾತು. ಅವಳು ಬರುವ ಮುಂಚೆ, ಯಾರದೋ ಮನೆಗೆ ಹಳೆ ಸೋಫಾ ತರಲು ಹೋದಾಗ, ಅದರ ಹರಿದ ಹೊಟ್ಟೆಯೊಳಗೆ ಈ ಮರಿ ಸಿಕ್ಕಿದ್ದು. ಒಳಗೇ ಬಿಟ್ಟು ಹೊತ್ತು ತಂದದ್ದು, ಗಾಡಿಯಲ್ಲಿ ಸೋಫಾ ಕುಂಯ್‌ಗುಟ್ಟುತ್ತಿದೆ ಎಂದು ಗಾಡಿಯವನು ಹೆದರಿದ್ದು. ಮೊದಲು ಕಂಡದ್ದು ನಾರಿನಿಂದ ಹೊರಗೆ ಚಾಚಿದ ಒಂದು ಕಿವಿ.

“ಬಲಗಿವಿ,” ಎಂದರು. “ಆ ಮಡಚಿಕೊಂಡಿದ್ದ ಕಿವಿ.”

“ಮಡಚಿದ್ದು ಎಡಗಿವಿ ಅಲ್ವಾ ಮಾವ?”

“ಎಡಗಿವಿ ಅಂತೆ. ನಾನು ದಿನಾ ನೋಡ್ತಿದ್ನಲ್ಲ ಇಲ್ಲಿಂದ. ಬಲಗಿವಿ.”

“ನಾನೂ ದಿನಾ ಅಲ್ಲಿಂದ ನೋಡ್ತಿದ್ದೆ. ನಂಗೆ ಚೆನ್ನಾಗಿ ಗೊತ್ತು, ಎಡಗಿವಿ.”

ಹಿರಿಯರ ಎದುರು ಹೀಗೆ ವಾದಿಸುತ್ತಿದ್ದೇನೆ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಮಾವನಿಗೆ ಅದು ಹೊಳೆದಂತೆಯೇ ಕಾಣಲಿಲ್ಲ. ಅವರು ಚಹಾದ ಲೋಟ ಪಕ್ಕಕ್ಕಿಟ್ಟು, ಕೈಯಲ್ಲಿ ಗಾಳಿಯಲ್ಲೇ ಒಂದು ತಲೆಯ ಆಕಾರ ಮಾಡಿ, ಅದರ ಎರಡು ಬದಿ ತೋರಿಸಿ, ತಿರುಗಿಸಿ, “ಬಾ, ಬೇಕಾದ್ರೆ ಅವನನ್ನೇ ಕೂರಿಸ್ಕೊಂಡು...” ಎಂದು ನಿಂತುಬಿಟ್ಟರು.

ಕೈ ಮೆಲ್ಲಗೆ ತೊಡೆಗೆ ಇಳಿಯಿತು.

ಅವಳಿಗೆ ಅಳು ಆಗ ಬಂತು. ಇಷ್ಟು ದಿನ ತಡೆದಿದ್ದೆಲ್ಲ ಒಟ್ಟಿಗೆ, ಸದ್ದು ಮಾಡಿಕೊಂಡು, ಮೂಗು ಬಾಯಿ ಒಂದಾಗಿ ಬಂತು. ಮಾವ ಎದ್ದು ಹೋಗಲಿಲ್ಲ. ಬೀದಿಯ ಕಡೆಗೂ ನೋಡಲಿಲ್ಲ. ತುದಿಯಲ್ಲಿದ್ದವರು ಸೋಫಾದ ನಡುವಿಗೆ ಸರಿದು ಕೂತು, ಏನು ಮಾಡಬೇಕೆಂದು ತಿಳಿಯದೆ, ಅವಳ ಅಳು ಮುಗಿಯುವವರೆಗೆ ಕಾದರು.

“ಎಡಗಿವೀನೇ ಇರ್ಬಹುದು,” ಎಂದರು ಆಮೇಲೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಇಲ್ಲ ಮಾವ. ನಾನು ಬರೋಕೆ ಮುಂಚೇನೇ ನೋಡಿದೋರು ನೀವು. ನೀವು ಹೇಳಿದ್ದೇ ಸರಿಯಿರುತ್ತೆ,” ಎಂದಳು.